ಹೊಲದ ಕಟ್ಟಿಗೆ, ಮನೆಯ ಒಲೆ

ತೊಗರಿ ರಾಶಿ ಮುಗಿಯುವ ಹೊತ್ತಿಗೆ, ಅಂದರೆ ಜನವರಿ ಕಡೆಗೆ, ಕಲಬುರಗಿ ಸೀಮೆಯ ಊರುಗಳಲ್ಲಿ ಮನೆಗಳ ಪಕ್ಕ, ಹಿತ್ತಲಲ್ಲಿ, ದನದ ಕೊಟ್ಟಿಗೆಯ ಗೋಡೆಗೆ ಆತು ತೊಗರಿ ಕಟ್ಟಿಗೆಯ ಒಟ್ಟಲುಗಳು ಏಳುತ್ತವೆ. ಆಳೆತ್ತರ ಬೆಳೆದ ಗಿಡದಿಂದ ಕಾಯಿ ಬಡಿದುಕೊಂಡ ಮೇಲೆ ಉಳಿಯುವ, ಬೆರಳು ಗಾತ್ರದ ಗಟ್ಟಿ ಕಾಂಡ ಅದು. ಒಣಗಿದರೆ ಮೊಣಕಾಲಿಗೆ ಕೊಟ್ಟು ಮುರಿಯಬಹುದು, ಕೊಡಲಿ ಬೇಡ. ಮುಂದಿನ ಸುಗ್ಗಿಯವರೆಗೆ ಆ ಮನೆಯ ರೊಟ್ಟಿ ಬೇಯುವುದು ಬಹುಮಟ್ಟಿಗೆ ಇದರಲ್ಲೇ. ಅದೇ ಮನೆಯೊಳಗೆ ಕಟ್ಟೆಯ ಮೇಲೆ ಗ್ಯಾಸ್ ಒಲೆಯೂ ಇರುತ್ತದೆ. ಚಹಾ, ಹಾಲು, ನೆಂಟರು ಬಂದಾಗ ಒಂದು ಉಪ್ಪಿಟ್ಟು ಅದರ ಪಾಲಿಗೆ.

ಒಂದೇ ಮನೆಯ ಈ ಎರಡು ಒಲೆಗಳು ನಮ್ಮ ಅಂಕಿಅಂಶಗಳಲ್ಲಿ ಒಟ್ಟಿಗೆ ಕಾಣುವುದಿಲ್ಲ. ಅಡುಗೆಗೆ ಮುಖ್ಯವಾಗಿ ಏನು ಬಳಸುತ್ತೀರಿ ಎಂಬುದು ಸಮೀಕ್ಷೆಯವರ ಪ್ರಶ್ನೆ, ಉತ್ತರವೂ ಒಂದೇ ಇರಬೇಕು. 2011ರ ಜನಗಣತಿಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಶೇ. 62.5 ಸೌದೆಯಲ್ಲಿ, ಶೇ. 12.3 ಬೆಳೆಯುಳಿಕೆಯಲ್ಲಿ, ಶೇ. 10.9 ಬೆರಣಿಯಲ್ಲಿ ಅಡುಗೆ ಮಾಡುತ್ತಿದ್ದವು. ಗ್ಯಾಸ್ ಇದ್ದದ್ದು ಶೇ. 11.4 ಮನೆಗಳಲ್ಲಿ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ, ಬಡವರ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಶುರುವಾಯಿತು. ಮೂರೂವರೆ ವರ್ಷದೊಳಗೆ 8 ಕೋಟಿ ಸಂಪರ್ಕ ಕೊಡಲಾಯಿತು, ಮುಂದೆ ಅದು 10 ಕೋಟಿ ದಾಟಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ದೇಶದ ಶೇ. 58.6 ಮನೆಗಳು, ಕರ್ನಾಟಕದಲ್ಲಿ ಶೇ. 80ರ ಆಸುಪಾಸು ಮನೆಗಳು ಸ್ವಚ್ಛ ಇಂಧನದ ಪಟ್ಟಿಗೆ ಸೇರಿದ್ದವು. ಈ ಸಾಧನೆ ಸಣ್ಣದಲ್ಲ. ಆದರೆ ಆ ಪಟ್ಟಿಗೆ ಸೇರಿದ ಮನೆಯ ಹಿತ್ತಲಲ್ಲಿ ಒಟ್ಟಲು ಕರಗುತ್ತಲೇ ಇದೆ. ಅದು ಯಾಕೆ ಎಂದು ಕೇಳದೆ ಬೆಳೆಯುಳಿಕೆಯ ಬಗ್ಗೆ ಏನು ಹೇಳಿದರೂ ಅರ್ಧ ಮಾತಾಗುತ್ತದೆ.

ಮೊದಲು ಒಂದು ಲೆಕ್ಕ ಹಾಕೋಣ. 14.2 ಕಿಲೋ ಸಿಲಿಂಡರಿನಲ್ಲಿರುವ ಅನಿಲದ ಶಾಖ ಕಿಲೋಗೆ ಸುಮಾರು 11,000 ಕಿಲೋಕ್ಯಾಲರಿ. ಒಲೆಯಲ್ಲಿ ಅದರ ಶೇ. 60ರಷ್ಟಾದರೂ ಪಾತ್ರೆಗೆ ತಲುಪುತ್ತದೆ. ಚೆನ್ನಾಗಿ ಒಣಗಿದ ತೊಗರಿ ಕಟ್ಟಿಗೆಯ ಶಾಖ ಕಿಲೋಗೆ 3,500ರಿಂದ 4,000. ನಮ್ಮ ಮಣ್ಣಿನ ಒಲೆಯಲ್ಲಿ ಪಾತ್ರೆಗೆ ಹತ್ತುವುದು ಅದರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ, ಮಿಕ್ಕದ್ದು ಗೋಡೆ, ಗಾಳಿ, ಹೊಗೆಯ ಪಾಲು. ಹೀಗೆ ಲೆಕ್ಕ ಹಾಕಿದರೆ ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 2 ಕ್ವಿಂಟಲ್ ತೊಗರಿ ಕಟ್ಟಿಗೆ ಬೇಕು. ಎಲ್ಲ ಅಡುಗೆಯನ್ನೂ ಗ್ಯಾಸಿನಲ್ಲೇ ಮಾಡುವ ಐದು ಜನರ ಮನೆಗೆ ವರ್ಷಕ್ಕೆ ಎಂಟು-ಹತ್ತು ಸಿಲಿಂಡರ್ ಹಿಡಿದರೆ ಕಟ್ಟಿಗೆ 16ರಿಂದ 20 ಕ್ವಿಂಟಲ್ ಆಯಿತು. ಕ್ವಿಂಟಲ್ ತೊಗರಿಗೆ ಎರಡು-ಎರಡೂವರೆ ಕ್ವಿಂಟಲ್ ಕಟ್ಟಿಗೆ ಬರುತ್ತದೆ. ಮಳೆ ಕೈಕೊಡದೆ ಎಕರೆಗೆ ನಾಲ್ಕು ಕ್ವಿಂಟಲ್ ತೊಗರಿ ಬಂದರೆ, ಎರಡು ಎಕರೆಯ ಕಟ್ಟಿಗೆಯಲ್ಲಿ ಒಂದು ಮನೆ ವರ್ಷವಿಡೀ ಉಣ್ಣಬಹುದು. ಒಲೆ ಸುಧಾರಿಸಿದರೆ ಒಂದೇ ಎಕರೆ ಸಾಕು.

ರೈತನ ಮನೆಯಲ್ಲಿ ಈ ಲೆಕ್ಕ ಎಲ್ಲರಿಗೂ ಅನುಭವದಿಂದಲೇ ಗೊತ್ತು. ಕಟ್ಟಿಗೆಗೆ ನಗದು ಕೊಡಬೇಕಾಗಿಲ್ಲ. ಬೆಳೆಯುಳಿಕೆಯ ಅಸಲಿ ಬಲ ಇದು. ಶಾಖ, ಬೂದಿ, ತೇವಾಂಶ ಇವೆಲ್ಲ ಆಮೇಲಿನ ಮಾತು.

ಬೆಳೆಯುಳಿಕೆ ಎಂದು ಒಂದೇ ಹೆಸರಿನಲ್ಲಿ ಕರೆದರೂ ಒಂದೊಂದರ ಗುಣ ಒಂದೊಂದು. ತೊಗರಿ, ಹತ್ತಿಯಂಥ ಗಟ್ಟಿ ಕಾಂಡಗಳು ಸೌದೆಯ ಸಾಲಿಗೇ ಸೇರುತ್ತವೆ. ಬೂದಿ ಕಡಿಮೆ, ಉರಿ ನಿಗಿನಿಗಿ. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳ ಬಿಡಿಸಿದ ಮೇಲೆ ಉಳಿಯುವ ಬೆಂಡು ಒಲೆಗೆ ಹೇಳಿಮಾಡಿಸಿದಂತಿರುತ್ತದೆ. ಗೇಣಿಗಿಂತ ಚಿಕ್ಕದು, ಬೇಗ ಹತ್ತುತ್ತದೆ, ಕೆಂಡವೂ ನಿಲ್ಲುತ್ತದೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯದೇ ರಾಜ್ಯಭಾರ. ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವುದರಿಂದ ಎರಡೂವರೆ ತಿಂಗಳಿಗೊಮ್ಮೆ ಹೊಸ ಕಡ್ಡಿ ಮನೆಗೆ ಬರುತ್ತದೆ, ಒಟ್ಟಿಡಲು ದೊಡ್ಡ ಜಾಗವೂ ಬೇಡ. ತಿಪಟೂರು, ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ಮರ ಸುಮಾರು ತಿಂಗಳಿಗೊಂದು ಗರಿ ಉದುರಿಸುತ್ತದೆ. ಐವತ್ತು ಮರವಿದ್ದವರಿಗೆ ವರ್ಷಕ್ಕೆ ಆರುನೂರು ಗರಿ, ಜೊತೆಗೆ ಎಡೆಮಟ್ಟೆ, ಹೊಂಬಾಳೆ, ಕಾಯಿ ಸುಲಿದ ಮಟ್ಟೆ. ಚಿಪ್ಪು ಮಾತ್ರ ಈಗ ಒಲೆಗೆ ಬರುವುದು ಕಡಿಮೆ. ಇದ್ದಿಲು ಮಾಡುವವರು ಕೊಳ್ಳತೊಡಗಿದ ಮೇಲೆ ಅದು ಮಾರಾಟದ ಸರಕಾಗಿದೆ.

ಹುಲ್ಲಿನ ಜಾತಿಯವುಗಳದು ಬೇರೆ ದಾರಿ. ಭತ್ತದ ಹುಲ್ಲನ್ನು ಒಲೆಗೆ ಹಾಕಿದರೆ ಭಗ್ಗೆಂದು ಉರಿದು ಅರೆಗಳಿಗೆಯಲ್ಲಿ ಬೂದಿ. ಒಲೆಯ ಮುಂದೆ ಕೂತವಳಿಗೆ ಕೈ ತೆಗೆಯಲು ಆಗುವುದಿಲ್ಲ, ತುರುಕುತ್ತಲೇ ಇರಬೇಕು. ಅದರಲ್ಲಿ ಸಿಲಿಕಾ ಹೆಚ್ಚು, ಬೂದಿಯೇ ಶೇ. 15ರ ಮೇಲೆ. ಜೋಳದ ಕಣಿಕಿ, ರಾಗಿ ಹುಲ್ಲು ದನದ ಬಾಯಿಗೆ ಹೋಗಬೇಕಾದವು, ಅವನ್ನು ಒಲೆಗೆ ಹಾಕುವ ರೈತನನ್ನು ನಾನು ಕಂಡಿಲ್ಲ. ಒಲೆಗೆ ಬರುವುದೇನಿದ್ದರೂ ದನ ಬಿಟ್ಟ ದಂಟು, ಹೊಲದಲ್ಲಿ ನಿಂತ ಕೂಳೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ರವದಿ ಕೂಡ ಒಲೆಗೆ ಒಗ್ಗದು. ಹಗುರ, ಜಾಗ ತಿನ್ನುವ ಸರಕು, ಹಾಗಾಗಿ ಗದ್ದೆಯಲ್ಲೇ ಬೆಂಕಿ ಕಾಣುತ್ತದೆ. ಹೊಲದಲ್ಲಿ ಸುಡುವ ಹುಲ್ಲು, ರವದಿಯನ್ನೆಲ್ಲ ಅಡುಗೆಗೆ ತಂದುಬಿಟ್ಟರೆ ಎರಡು ಸಮಸ್ಯೆ ಒಟ್ಟಿಗೆ ನೀಗುತ್ತವೆ ಎಂದು ಬರೆಯುವವರು ಆ ಹುಲ್ಲಿನಲ್ಲಿ ಒಮ್ಮೆ ಒಂದು ಪಾತ್ರೆ ಅನ್ನ ಬೇಯಿಸಿ ನೋಡಬೇಕು.

ಹೊಟ್ಟಿನ ವಿಷಯದಲ್ಲಿ ನಮ್ಮ ಜನ ತಾವೇ ಒಂದು ಜಾಣ ಉಪಾಯ ಕಂಡುಕೊಂಡಿದ್ದರು. ಭತ್ತದ ಹೊಟ್ಟು, ಮರದ ಹೊಟ್ಟು ತೆರೆದ ಒಲೆಯಲ್ಲಿ ಉರಿಯುವುದಿಲ್ಲ, ಹೊಗೆಯುಗುಳುತ್ತ ನಂದುತ್ತದೆ. ಅದಕ್ಕೆಂದೇ ತಗಡಿನ ಡಬ್ಬಿಯ ಒಲೆ. ಡಬ್ಬಿಯ ಬುಡದ ಬದಿಯಲ್ಲೊಂದು ತೂತು. ಅದರೊಳಗೆ ಅಡ್ಡಲಾಗಿ ಒಂದು ಕೋಲು, ಡಬ್ಬಿಯ ನಡುವೆ ನೆಟ್ಟಗೆ ಒಂದು ಬಾಟಲಿ ಅಥವಾ ದುಂಡನೆ ಕೊರಡು. ಸುತ್ತ ಹೊಟ್ಟನ್ನು ಹಿಡಿಹಿಡಿಯಾಗಿ ಸುರಿದು ಮುಷ್ಟಿಯಿಂದ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತ ಮೇಲೆತ್ತಿ, ಕೋಲನ್ನು ಪಕ್ಕದಿಂದ ಎಳೆದರೆ ನಡುವೆ ಸುರಂಗ ಉಳಿಯುತ್ತದೆ. ಕೆಳಗಿನ ತೂತಿನಿಂದ ಕಿಡಿ ಕೊಟ್ಟರೆ ಸುರಂಗದ ಗೋಡೆ ಒಳಗಿನಿಂದ ಹೊರಗೆ ಸುತ್ತಲೂ ಸಮನಾಗಿ ಉರಿಯುತ್ತ ಹೋಗುತ್ತದೆ. ಹೊಟ್ಟು ಗಟ್ಟಿಯಾಗಿ ಕೂತಿದ್ದರೆ ಗಂಟೆಗಟ್ಟಲೆ ಒಲೆಯ ಕಡೆ ನೋಡುವ ಹಂಗಿಲ್ಲ. ಸಡಿಲವಾಗಿದ್ದರೆ ಗೋಡೆ ಕುಸಿದು ಮನೆ ತುಂಬ ಹೊಗೆ. ಗಾಳಿ ಒಂದೇ ಕಡೆಯಿಂದ ಬರುವ ಈ ಒಲೆಯಲ್ಲಿ ಉರಿ ಹದವಾಗಿರುತ್ತದೆ. ಹೊಟ್ಟು ಪುಕ್ಕಟೆ ಸಿಗುವವರೆಗೆ ಇದು ಬಡವರ ಮನೆಯ ದೊಡ್ಡ ಆಸರೆಯಾಗಿತ್ತು. ಅಕ್ಕಿ ಗಿರಣಿಗಳು ತಮ್ಮ ಬಾಯ್ಲರಿಗೇ ಹೊಟ್ಟನ್ನು ಬಳಸಿ, ಉಳಿದದ್ದನ್ನು ಲಾರಿಗೆ ಮಾರತೊಡಗಿದ ಮೇಲೆ ಡಬ್ಬಿಗಳು ಅಟ್ಟ ಸೇರಿದವು.

ಒಲೆ ಸುಧಾರಣೆಯ ಇತಿಹಾಸದಲ್ಲಿ ಕರ್ನಾಟಕದ ಹೆಸರು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮುಂತಾದ ಹಳ್ಳಿಗಳಲ್ಲಿ ಕೂತು ಮನೆಮನೆಯ ಶಕ್ತಿಬಳಕೆಯನ್ನು ಅಳೆಯಿತು. ಹಳ್ಳಿಯ ಶಕ್ತಿಯ ಬಹುಪಾಲು ಹೋಗುವುದು ಅಡುಗೆಗೆ, ಆ ಉರುವಲಿನಲ್ಲಿ ಬಹುಪಾಲು ಮರ ಕಡಿದದ್ದಲ್ಲ, ಹೆಂಗಸರು ಮಕ್ಕಳು ಆಯ್ದು ತಂದ ಪುರಳೆ ಎಂಬುದು ಆ ಕೆಲಸದಿಂದ ಸ್ಪಷ್ಟವಾಯಿತು. ಹಳ್ಳಿಯವರು ಕಾಡು ನುಂಗುತ್ತಿದ್ದಾರೆ ಎಂದು ನಗರದಲ್ಲಿ ಕೂತು ಹೇಳುತ್ತಿದ್ದವರಿಗೆ ಅದು ಖಚಿತವಾದ ಉತ್ತರ. ಅಲ್ಲಿಂದಲೇ ಹುಟ್ಟಿದ್ದು ಮೂರು ಪಾತ್ರೆಯ, ಹೊಗೆಗೂಡಿನ ಅಸ್ತ್ರ ಒಲೆ. ಪ್ರಯೋಗಾಲಯದಲ್ಲಿ ಅದರ ದಕ್ಷತೆ ಶೇ. 30 ದಾಟಿತ್ತು. ರಾಜ್ಯದಲ್ಲಿ ಬಹಳಷ್ಟು ಮನೆಗಳಿಗೆ ಅದು ಹೋಯಿತು. ಕೇಂದ್ರ ಸರ್ಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ, 2002ರಲ್ಲಿ ನಿಲ್ಲಿಸುವ ಹೊತ್ತಿಗೆ ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಒಲೆಗಳನ್ನು ಹಂಚಿತ್ತು.

ಅವುಗಳಲ್ಲಿ ಎಷ್ಟೋ ಒಲೆಗಳು ಬಹಳ ದಿನ ಬಾಳಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ತೆಗೆಯುವವರಿಲ್ಲ, ಒಲೆಯ ಬಾಯಿ ಮನೆಯ ಪಾತ್ರೆಗೆ ಹೊಂದುವುದಿಲ್ಲ, ಸಹಾಯಧನದ ಗುರಿ ಮುಟ್ಟಿದ ಮೇಲೆ ರಿಪೇರಿಗೆ ಬರುವವರಿಲ್ಲ. ಉರುವಲಿನ ಅಳತೆಯದೂ ಒಂದು ತೊಡಕು. ಮುಚ್ಚಿದ ಒಲೆಗೆ ಕಟ್ಟಿಗೆಯನ್ನು ಚಿಕ್ಕದಾಗಿ ಮಾಡಿ ಹಾಕಬೇಕು. ಮಾರುದ್ದದ ತೊಗರಿ ಕಟ್ಟಿಗೆ, ಗರಿ, ಕಡ್ಡಿಯನ್ನು ಒಲೆಯ ಮುಂದೆ ಉದ್ದಕ್ಕೆ ಹಾಸಿ, ಉರಿದಂತೆಲ್ಲ ಕಾಲಲ್ಲೋ ಎಡಗೈಯಲ್ಲೋ ಒಳಗೆ ನೂಕುವುದು ರೂಢಿ. ಜೋಳದ ರೊಟ್ಟಿ ತಟ್ಟುವವಳ ಬಲಗೈ ಹಿಟ್ಟಿನ ಮೇಲೆ, ಕಣ್ಣು ಹಂಚಿನ ಮೇಲೆ. ಕಟ್ಟಿಗೆ ತುಂಡು ಮಾಡುತ್ತ ಕೂರಲು ಆಕೆಗೆ ಮೂರನೆಯ ಕೈ ಇಲ್ಲ. ರೊಟ್ಟಿಗೆ ಹಂಚಿನ ಅಂಚಿನವರೆಗೂ ಹರಡುವ ಚುರುಕು ಉರಿ ಬೇಕು. ಅದನ್ನು ಕೊಡದ ಒಲೆ ಎಷ್ಟೇ ದಕ್ಷವಾಗಿದ್ದರೂ ಉತ್ತರ ಕರ್ನಾಟಕದಲ್ಲಿ ನಿಲ್ಲದು.

ಇನ್ನೊಂದು ದೊಡ್ಡ ಪ್ರಯತ್ನವೂ ಬೆಂಗಳೂರಿನಿಂದಲೇ ಬಂತು. ಅದೇ ವಿಜ್ಞಾನ ಸಂಸ್ಥೆಯ ಪ್ರೊ. ಎಚ್.ಎಸ್. ಮುಕುಂದ ಅವರ ತಂಡ ಬೆಳೆಯುಳಿಕೆಯನ್ನು ಅನಿಲವಾಗಿಸಿ ಉರಿಸುವ, ಚಿಕ್ಕ ಫ್ಯಾನ್ ಇರುವ ಒಲೆ ರೂಪಿಸಿತು. ಬಿ.ಪಿ. ಕಂಪನಿ 2006ರಲ್ಲಿ ಅದನ್ನು ‘ಊರ್ಜಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆ ಮುಂತಾದವನ್ನು ಪುಡಿಮಾಡಿ ಒತ್ತಿದ ಪೆಲೆಟ್ ಅದರ ಉರುವಲು. ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಪೆಲೆಟ್ ತುಂಬಿದರೆ ಸುಮಾರು ಒಂದು ಗಂಟೆ ನೀಲಿ-ಹಳದಿ ಉರಿ, ಹೊಗೆ ಅತ್ಯಲ್ಪ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ ಸುಮಾರು 4 ಲಕ್ಷ ಒಲೆ ಮಾರಾಟವಾದವು. ಒಲೆಯ ವಿಜ್ಞಾನ ಗೆದ್ದಿತ್ತು, ಸೋತದ್ದು ಪೆಲೆಟ್. ಸಿಪ್ಪೆಗೆ ಕಾರ್ಖಾನೆಯ ಬಾಯ್ಲರ್‌ಗಳಿಂದ ಬೇಡಿಕೆ ಏರಿತು, ಪೆಲೆಟ್ ಬೆಲೆ ಮೇಲೆ ಹೋಯಿತು, ಮನೆಯವರು ಕೊಳ್ಳುವುದನ್ನು ಬಿಟ್ಟರು. ಬಿ.ಪಿ. ಹೊರಟ ಮೇಲೆ ಕೈಗೆತ್ತಿಕೊಂಡ ಪುಣೆಯ ಫಸ್ಟ್ ಎನರ್ಜಿ ಹೋಟೆಲುಗಳ ದೊಡ್ಡ ಒಲೆಗಳ ಕಡೆ ತಿರುಗಿತು.

ಪುಣೆಯಲ್ಲೇ ಆನಂದ ಕರ್ವೆಯವರ ಸಂಸ್ಥೆ ರವದಿಯನ್ನು ಗದ್ದೆಯ ಬದಿಯಲ್ಲೇ ಇದ್ದಿಲು ಮಾಡಿ ಉಂಡೆ ಕಟ್ಟುವ ವಿಧಾನ ರೂಪಿಸಿ 2002ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆಯಿತು. ವಿಧಾನ ಒಳ್ಳೆಯದೇ. ಆದರೆ ಉಂಡೆ ಕಟ್ಟುವವರ ಕೂಲಿ ಹೊರಬೇಕಾದ್ದು ಅಡುಗೆಮನೆ. ಈ ಎರಡೂ ಪ್ರಯತ್ನಗಳಿಂದ ನಾನು ಕಲಿತದ್ದು ಇಷ್ಟು: ಬೆಳೆಯುಳಿಕೆ ಯಂತ್ರಕ್ಕೆ ಹೋಗಿ ಚೀಲದಲ್ಲಿ ವಾಪಸು ಬಂದರೆ ಅದು ಕೊಳ್ಳುವ ಇಂಧನವಾಗುತ್ತದೆ, ಕೊಳ್ಳುವುದೇ ಆದರೆ ಯಾರಿಗಾದರೂ ಗ್ಯಾಸೇ ಸರಿ. ಸಾಲದ್ದಕ್ಕೆ, ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಬೆಳೆಯುಳಿಕೆಯ ಪೆಲೆಟ್ ಸುಡಬೇಕೆಂದು 2021ರ ಕೇಂದ್ರ ನೀತಿ ವಿಧಿಸಿತು. ಅಂಥ ಗಿರಾಕಿಯ ಎದುರು ಮನೆಯ ಒಲೆಗೆ ಸ್ಪರ್ಧೆಯೇ ಇಲ್ಲ.

ಇನ್ನು ಹೊಗೆ. ಇಲ್ಲಿ ಮಾತನ್ನು ಮೆತ್ತಗೆ ಮಾಡಬಾರದು. ಉರುವಲುಗಳಲ್ಲಿ ಬೆರಣಿ ಮತ್ತು ಬೆಳೆಯುಳಿಕೆಯ ಹೊಗೆ ಸಾಮಾನ್ಯವಾಗಿ ಸೌದೆಯದಕ್ಕಿಂತ ಹೆಚ್ಚು. 1980ರ ದಶಕದ ಆರಂಭದಲ್ಲೇ ಅಮೆರಿಕದ ವಿಜ್ಞಾನಿ ಕಿರ್ಕ್ ಸ್ಮಿತ್ ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಉಪಕರಣ ಇಟ್ಟು ಅಳೆದು, ಜಗತ್ತಿನ ಕಣ್ಣನ್ನು ಆ ಹೊಗೆಯ ಕಡೆ ತಿರುಗಿಸಿದರು. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಶ್ವಾಸಕೋಶದ ದೀರ್ಘರೋಗ, ಹೃದಯದ ಕಾಯಿಲೆ, ಕಣ್ಣಿನ ಪೊರೆ ಇದರ ಜೊತೆಗೇ ಬರುತ್ತವೆ. ಒಲೆ ಸುಧಾರಿಸಿದರೆ ಸಾಕೇ? ಆಫ್ರಿಕಾದ ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಮನೆಗಳಲ್ಲಿ ಫ್ಯಾನ್ ಒಲೆ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಮಕ್ಕಳ ನ್ಯುಮೋನಿಯಾ ಕಡಿಮೆಯಾಗಲಿಲ್ಲ. ಹೊಗೆಗೂಡು ಅಡುಗೆಮನೆಯ ಹೊಗೆಯನ್ನು ಹೊರಗೆ ಹಾಕುತ್ತದೆ ನಿಜ, ಆದರೆ ಅದು ಸೇರುವುದು ಅದೇ ಕೇರಿಯ ಗಾಳಿಗೆ.

ಗ್ಯಾಸ್ ಕೊಟ್ಟರೆ? ತಮಿಳುನಾಡಿನ ವಿಲ್ಲುಪುರಂ, ನಾಗಪಟ್ಟಿಣಂ ಮತ್ತು ಇತರ ಮೂರು ದೇಶಗಳ ಹಳ್ಳಿಗಳಲ್ಲಿ 3,200 ಗರ್ಭಿಣಿಯರಿದ್ದ ಮನೆಗಳಲ್ಲಿ ದೊಡ್ಡ ಅಧ್ಯಯನವೊಂದು ನಡೆಯಿತು. ಅರ್ಧದಷ್ಟು ಮನೆಗಳಿಗೆ ಗ್ಯಾಸ್ ಒಲೆ ಕೊಟ್ಟು, ಒಂದೂವರೆ ವರ್ಷ ಸಿಲಿಂಡರನ್ನು ಬಾಗಿಲಿಗೇ ಪುಕ್ಕಟೆ ತಲುಪಿಸಿದರು. ಆ ತಾಯಂದಿರು ಉಸಿರಾಡಿದ ಸೂಕ್ಷ್ಮಕಣ ಘನಮೀಟರಿಗೆ ಸುಮಾರು 24 ಮೈಕ್ರೋಗ್ರಾಂಗೆ ಇಳಿಯಿತು. ಸೌದೆ ಒಲೆಯವರದ್ದು 70ರ ಮೇಲೆಯೇ ಇತ್ತು. ಹುಟ್ಟಿದ ಮಕ್ಕಳ ತೂಕದಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಬರಲಿಲ್ಲ, 2022ರಲ್ಲಿ ಪ್ರಕಟವಾದ ಈ ಫಲಿತಾಂಶ ವಿಜ್ಞಾನಿಗಳನ್ನೂ ಚಿಂತೆಗೆ ಹಚ್ಚಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಗ್ಯಾಸ್ ಪುಕ್ಕಟೆ ಬಂದಾಗ ಆ ಮನೆಯವರು ಹೆಚ್ಚುಕಡಿಮೆ ಎಲ್ಲರೂ ಸೌದೆ ಒಲೆ ಬಿಟ್ಟರು. ಹಳ್ಳಿಯ ಹೆಂಗಸರಿಗೆ ಹಳೆಯ ಒಲೆಯ ಮೇಲೆ ಮೋಹ, ಗ್ಯಾಸಿನ ಅಡುಗೆ ರುಚಿಸುವುದಿಲ್ಲ ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ನಮ್ಮಲ್ಲಿ ಏನಾಗಿದೆ? ಉಜ್ವಲಾ ಮನೆಗಳು ವರ್ಷಕ್ಕೆ ತುಂಬಿಸುವ ಸಿಲಿಂಡರ್ ಸರಾಸರಿ 2019-20ರಲ್ಲಿ ಸುಮಾರು ಮೂರು, 2023-24ರಲ್ಲಿ ಸುಮಾರು ನಾಲ್ಕು. ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಬಂದ ಮೇಲೂ ಅಷ್ಟೇ. ಎಂಟು ಬೇಕಾದಲ್ಲಿ ನಾಲ್ಕು ಎಂದರೆ ಉಳಿದ ಅರ್ಧ ಅಡುಗೆ ಒಟ್ಟಲಿನ ಮೇಲೆ ನಿಂತಿದೆ. ಕೂಲಿ ವಾರಕ್ಕೊಮ್ಮೆ ಕೈಗೆ ಬರುವ ಮನೆಯಲ್ಲಿ ಸಿಲಿಂಡರಿನ ಪೂರ್ತಿ ಹಣ ಒಂದೇ ದಿನ ಹೊಂದಿಸಬೇಕು, ಸಹಾಯಧನ ಆಮೇಲೆ ಖಾತೆಗೆ ಬೀಳುತ್ತದೆ. ಕರೆಂಟ್ ಒಲೆಗೂ ಹೀಗೇ ಒಂದು ತಡೆ. ರಾಜ್ಯದ ಗೃಹಜ್ಯೋತಿ ಯೋಜನೆಯ ಪುಕ್ಕಟೆ ಯೂನಿಟ್ಟನ್ನು ಮನೆಯ ಹಿಂದಿನ ಸರಾಸರಿ ಬಳಕೆಗೆ ಕಟ್ಟಿಹಾಕಿರುವುದರಿಂದ, ಕಡಿಮೆ ಬಳಸುತ್ತಿದ್ದ ಬಡವರ ಮನೆ ಇಂಡಕ್ಷನ್ ಇಟ್ಟ ಕೂಡಲೇ ಬಿಲ್ಲು ಶುರು.

ಸ್ನಾನದ ನೀರಿನ ಲೆಕ್ಕವನ್ನು ಯೋಜನೆ ಬರೆಯುವವರು ಸದಾ ಮರೆಯುತ್ತಾರೆ. ಮಲೆನಾಡು, ಕರಾವಳಿ, ಹಳೆ ಮೈಸೂರಿನ ಮನೆಗಳಲ್ಲಿ ಬಚ್ಚಲ ಹಂಡೆ ದಿನಕ್ಕೆ ತಿನ್ನುವ ಉರುವಲು ಅಡುಗೆಯದಕ್ಕೆ ಸರಿಸಮ ಎಂದರೆ ಅತಿಶಯವಲ್ಲ. ನೂರು ಲೀಟರ್ ನೀರನ್ನು 25 ಡಿಗ್ರಿ ಬಿಸಿ ಮಾಡಲು, ಹಂಡೆ ಒಲೆಯ ಸೋರಿಕೆಯನ್ನೂ ಸೇರಿಸಿ, ಐದಾರು ಕಿಲೋ ಕಟ್ಟಿಗೆ ಬೇಕು. ಇದಕ್ಕೆ ಗ್ಯಾಸ್ ಯಾರೂ ಇಡುವುದಿಲ್ಲ. ಗರಿ, ಮಟ್ಟೆ, ಅಡಿಕೆ ಸೋಗೆ, ಸಿಪ್ಪೆ ಇವೆಲ್ಲ ಸಲ್ಲಬೇಕಾದ ಜಾಗ ಇದೇ. ಬಚ್ಚಲು ಸಾಮಾನ್ಯವಾಗಿ ಅಡುಗೆಮನೆಯಿಂದ ಬೇರೆ, ಬೆಂಕಿಯ ಮುಂದೆ ಯಾರೂ ಕೂರಬೇಕಾಗಿಲ್ಲ, ಬಾಣಂತಿಯೂ ಮಗುವೂ ಆ ಹೊಗೆಯಲ್ಲಿರುವುದಿಲ್ಲ. ಅಡುಗೆಗೆ ಶಿರಸಿ ಸೀಮೆಯವರು ಸಗಣಿಯ ಗೋಬರ್ ಗ್ಯಾಸನ್ನು ಮನೆಮನೆಗೆ ತಂದು ದಾರಿ ತೋರಿಸಿದ್ದಾರೆ. ದನ ಇರುವ ಮನೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ದನ ಇರುವ ಮನೆಗಳೇ ಕಡಿಮೆಯಾಗುತ್ತಿವೆ.

ಉಳಿಕೆ ಯಾರದು ಎಂಬ ಪ್ರಶ್ನೆ ಇನ್ನೂ ಬಾಕಿ. ಹೊಲ ಇಲ್ಲದವರ ಮನೆಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಬರುತ್ತಿದ್ದದ್ದು ದುಡಿಮೆಯ ಲೆಕ್ಕದಲ್ಲಿ. ಬೆಳೆ ಮುಗಿದ ಹೊಲದ ಹತ್ತಿ ಗಿಡ ಕಿತ್ತು ಹಸನು ಮಾಡಿಕೊಟ್ಟರೆ ಆ ಕಟ್ಟಿಗೆ ಕಿತ್ತವರಿಗೆ. ಈಗ ರೋಟಾವೇಟರ್, ಪುಡಿಮಾಡುವ ಯಂತ್ರ ಬಂದು ಗಿಡ ನಿಂತಲ್ಲೇ ಮಣ್ಣಿಗೆ ಸೇರುತ್ತಿದೆ. ಮಣ್ಣಿಗೆ ಅದು ಹಿತ. ಇಂಗಾಲ ಕಮ್ಮಿಯಾಗಿರುವ ನಮ್ಮ ಒಣಭೂಮಿಗೆ ಕಾಂಡ, ಎಲೆ ಮರಳಲೇಬೇಕು. ಒಲೆಯ ಬೂದಿ ತಿಪ್ಪೆಗೆ ಹೋದರೆ ಪೊಟ್ಯಾಷ್ ಮರಳೀತು, ಸಾರಜನಕ, ಇಂಗಾಲ ಮರಳವು. ಹತ್ತಿಯ ವಿಷಯದಲ್ಲಿ ಕೃಷಿ ವಿಜ್ಞಾನಿಗಳು ಇನ್ನೊಂದು ಎಚ್ಚರಿಕೆ ಕೊಡುತ್ತಲೇ ಬಂದಿದ್ದಾರೆ. ಒಟ್ಟಲಿನ ಕಟ್ಟಿಗೆಯಲ್ಲಿ ಉಳಿದ ಕಾಯಿಗಳೊಳಗೆ ಗುಲಾಬಿ ಕಾಯಿಕೊರಕದ ಹುಳು ಅಡಗಿ ಮುಂದಿನ ಬೆಳೆಗೆ ಬರುತ್ತದೆ, ಹಾಗಾಗಿ ಹತ್ತಿ ಕಟ್ಟಿಗೆಯನ್ನು ತಿಂಗಳುಗಟ್ಟಲೆ ಒಟ್ಟಿಡಬಾರದು. ರಾಯಚೂರು ಭಾಗದ ರೈತರಿಗೆ ಈ ಹುಳುವಿನ ಪೆಟ್ಟು ಗೊತ್ತಿರುವುದೇ. ಇದೆಲ್ಲ ಸರಿ, ಆದರೆ ಉರುವಲು ಕಳೆದುಕೊಂಡ ಕೂಲಿಯವಳಿಗೆ ಬದಲಿ ಏನೆಂದು ಯಂತ್ರಕ್ಕೆ ಸಹಾಯಧನ ಕೊಡುವ ಇಲಾಖೆ ಕೇಳಿಕೊಂಡದ್ದನ್ನು ನಾನು ಕಂಡಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ದಿನದ ಅಡುಗೆ ಗ್ಯಾಸಿಗೋ ಕರೆಂಟಿಗೋ ಬರಬೇಕು. ಅದು ಬರಬೇಕಾದರೆ ಉಜ್ವಲಾ ಮನೆಗೆ ವರ್ಷಕ್ಕೆ ಎಂಟು ಸಿಲಿಂಡರ್ ಕೈಗೆಟುಕಬೇಕು, ಸಹಾಯಧನವನ್ನು ಮೊದಲೇ ಬೆಲೆಯಲ್ಲಿ ಕಳೆಯಬೇಕು, 5 ಕಿಲೋ ಸಿಲಿಂಡರ್ ಹಳ್ಳಿಯ ಅಂಗಡಿಯಲ್ಲೇ ಸಿಗಬೇಕು. ಹುಲ್ಲು ದನಕ್ಕೆ, ರವದಿ ಮಣ್ಣಿಗೆ. ಗಟ್ಟಿ ಕಟ್ಟಿಗೆ, ಬೆಂಡು, ಗರಿ, ಮಟ್ಟೆ ಬಚ್ಚಲಿಗೆ ಮತ್ತು ರೊಟ್ಟಿಯ ಒಲೆಗೆ. ಆ ಎರಡು ಒಲೆಗಳಿಗೆ ನಮ್ಮ ವಿಜ್ಞಾನಿಗಳು ಮತ್ತೆ ಕೈಹಚ್ಚಬೇಕು. ಉದ್ದದ ಕಟ್ಟಿಗೆಯನ್ನು ಇದ್ದ ಹಾಗೇ ತಿನ್ನುವ, ಹಂಚಿನ ತುಂಬ ಉರಿ ಕೊಡುವ, ಮಸಿ ತೆಗೆಯಲು ಮನೆಯವರಿಗೇ ಬರುವ ಒಲೆ ಇನ್ನೂ ಬರಬೇಕಾಗಿದೆ. ಸಮೀಕ್ಷೆಗೆ ಮನೆಬಾಗಿಲಿಗೆ ಹೋಗುವವರಲ್ಲಿ ಒಂದು ವಿನಂತಿ: ಗ್ಯಾಸ್ ಇದೆಯೇ ಎಂದು ಯಜಮಾನರನ್ನು ಕೇಳಿ ಹೊರಡಬೇಡಿ. ಹೋದ ಸಲದ ಸಿಲಿಂಡರ್ ಯಾವಾಗ ತಂದಿರಿ, ಎಷ್ಟು ದಿನ ಬಂತು, ಹಂಡೆಗೆ ಏನು ಹಾಕುತ್ತೀರಿ, ಈ ಮೂರನ್ನು ಅಡುಗೆ ಮಾಡುವವರನ್ನೇ ಕೇಳಿ ಬರೆದುಕೊಳ್ಳಿ.